ಉಳಿದ ಭ್ರೂಣಕ್ಕೆ ಯಾರ ಒಪ್ಪಿಗೆ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ದಂಪತಿಗಳು ಮಗುವಿಗಾಗಿ ಕಲಬುರಗಿಗೋ ಸೊಲ್ಲಾಪುರಕ್ಕೋ ಹೋಗಿ ಐವಿಎಫ್ ಮಾಡಿಸಿಕೊಂಡರೆ, ಒಂದು ಪ್ರಶ್ನೆ ಎದುರಾಗುತ್ತದೆ: ಬಳಸದೆ ಉಳಿದ ಭ್ರೂಣಗಳನ್ನು ಏನು ಮಾಡುವುದು? 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅವನ್ನು 10 ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಆಮೇಲೆ ನಶಿಸಲು ಬಿಡಬೇಕು, ಇಲ್ಲವೇ ದಂಪತಿ ಒಪ್ಪಿದರೆ ಸಂಶೋಧನೆಗೆ ಕೊಡಬಹುದು.

ಐದಾರು ದಿನದ ಭ್ರೂಣ ಸಾಸಿವೆ ಕಾಳಿಗಿಂತ ಎಷ್ಟೋ ಚಿಕ್ಕದು. ಒಳಗೆ ದ್ರವ ತುಂಬಿದ ಈ ಗುಂಡಿನ ಹೊರಪದರದಿಂದ ಮುಂದೆ ಮಾಸು ಬೆಳೆಯುತ್ತದೆ. ಒಳಗೆ ಒಂದು ಮಗ್ಗುಲಿಗೆ ಅಂಟಿಕೊಂಡ ಕೋಶಗಳ ಗುಂಪಿನಿಂದ ಮಗು. ಯಾವ ಅಂಗದ ಕೋಶವಾಗಿಯಾದರೂ ಮಾರ್ಪಡಬಲ್ಲ ಆಕರಕೋಶಗಳು ಸಿಗುವುದು ಆ ಗುಂಪಿನಿಂದಲೇ. ಅದನ್ನು ತೆಗೆದರೆ ಭ್ರೂಣ ಉಳಿಯದು. ತಕರಾರಿನ ಬೇರು ಇರುವುದು ಇಲ್ಲಿ.

1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದ ಆಕರಕೋಶಗಳನ್ನು ಬೇರ್ಪಡಿಸಿ ಬೆಳೆಸಿದರು. ಗರ್ಭಾಂಕುರವಾದ ಕ್ಷಣದಿಂದಲೇ ಅದು ಮನುಷ್ಯಜೀವ ಎನ್ನುವ ಕ್ಯಾಥೊಲಿಕ್ ಚರ್ಚ್ ಇದನ್ನು ವಿರೋಧಿಸಿತು. ‘ನಮ್ಮ ತೆರಿಗೆ ದುಡ್ಡು ಇದಕ್ಕೆ ಬೇಡ’ ಎಂಬ ಕೂಗು ಅಲ್ಲಿ ಎದ್ದಿತು. 2001ರ ಆಗಸ್ಟ್ 9ರಂದು ಅಧ್ಯಕ್ಷ ಬುಷ್, ಅಷ್ಟರೊಳಗೆ ತಯಾರಾಗಿದ್ದ ಕೋಶಸಂತತಿಗಳಿಗೆ (ಒಂದು ಭ್ರೂಣದಿಂದ ತೆಗೆದು ಬೆಳೆಸುತ್ತ ಹೋಗುವ ಆಕರಕೋಶಗಳಿಗೆ) ಮಾತ್ರ ಸರ್ಕಾರಿ ಹಣ ಎಂದರು. ಹಾಗೆ ಹಣ ಪಡೆಯಬಹುದಾದವುಗಳ ಪಟ್ಟಿಯಲ್ಲಿ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನವೂ ಇದ್ದವು! 2009ರಲ್ಲಿ ಒಬಾಮ ಆ ಮಿತಿ ತೆಗೆದರು.

ಅದೇ 2009ರಲ್ಲಿ, ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದ ಮನೀಷಾ ಇನಾಮದಾರ್ ಅವರ ತಂಡ ತಮ್ಮ ಎರಡು ಕೋಶಸಂತತಿಗಳ ವಿವರ ಪ್ರಕಟಿಸಿತು. ಗುಣಮಟ್ಟ ಸಾಲದೆಂದು ಗರ್ಭಕ್ಕೆ ಸೇರಿಸದೆ ಕೈಬಿಟ್ಟ ಭ್ರೂಣಗಳಿಂದ ಅವನ್ನು ಬೆಳೆಸಿದ್ದರು. ಆ ಕೇಂದ್ರ ನಡೆಯುವುದೂ ಸರ್ಕಾರದ ಹಣದಿಂದಲೇ. ಅಮೆರಿಕದಲ್ಲಿ ಎದ್ದಂಥ ಗದ್ದಲ ಇಲ್ಲಿ ಏಳಲಿಲ್ಲ.

ಹಾಗೆಂದು ನಮ್ಮ ಜನಕ್ಕೆ ಆಕ್ಷೇಪವೇ ಇಲ್ಲವೆಂದಲ್ಲ; ಭ್ರೂಣಕ್ಕೆ ಜೀವ ಯಾವಾಗ ಬರುತ್ತದೆ ಎಂಬುದರಲ್ಲೇ ನಂಬಿಕೆಗಳು ಬೇರೆ ಬೇರೆ. ಜೀವ ಏಳನೆಯ ತಿಂಗಳಲ್ಲಿ ಸೇರುತ್ತದೆ ಎನ್ನುತ್ತದೆ ಗರ್ಭೋಪನಿಷತ್ತು. ಶುಕ್ರ, ಶೋಣಿತ, ಜೀವ ಕೂಡಿದಾಗಲೇ ಗರ್ಭ ಎನ್ನುತ್ತದೆ ಚರಕ ಸಂಹಿತೆ. ಅನೇಕ ಇಸ್ಲಾಂ ವಿದ್ವಾಂಸರ ಪ್ರಕಾರ 120 ದಿನಕ್ಕೆ ರೂಹ್ (ಆತ್ಮ) ಬರುತ್ತದೆ, ಕೆಲವರ ಪ್ರಕಾರ 40ಕ್ಕೆ. ಬಸುರಿಗೆ ಎಂಟನೆಯ ತಿಂಗಳಲ್ಲಿ ಒಡಲ ಕೂಸಿನ ಹೆಸರಲ್ಲಿ ಲಿಂಗಧಾರಣೆ ಮಾಡಿಸುವ ಸಂಪ್ರದಾಯ ವೀರಶೈವ ಲಿಂಗಾಯತರಲ್ಲಿದೆ. ಇಷ್ಟು ನಂಬಿಕೆಗಳಿರುವಲ್ಲಿ ಎಲ್ಲರ ಪರವಾಗಿ ಒಬ್ಬರು ತೀರ್ಪು ಕೊಡಲಾಗದು. ಆದರೂ ಎಲ್ಲೋ ಒಂದು ಗೆರೆ ಬೇಕು. ನಮ್ಮ ದೇಶದ ಆಕರಕೋಶ ಸಂಶೋಧನಾ ಮಾರ್ಗಸೂಚಿಯ ಗೆರೆ 14 ದಿನ: ಅದರಾಚೆಗೆ ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸುವಂತಿಲ್ಲ.

ಈ ಸಂಶೋಧನೆಗೆ ಸರ್ಕಾರ ಹಣ ಕೊಡಬೇಕು ಎಂಬುದು ನನ್ನ ಖಚಿತ ನಿಲುವು. ಸಾರ್ವಜನಿಕ ಹಣ ಬಂದರೆ ಅದರ ಹಿಂದೆ ಸಾರ್ವಜನಿಕ ಲೆಕ್ಕವೂ ಬರುತ್ತದೆ. ಆದರೆ ಒಪ್ಪಿಗೆ ಪತ್ರ ಕನ್ನಡ, ಉರ್ದು, ಮರಾಠಿಯಲ್ಲಿರಲಿ, ಅದನ್ನು ಓದಿ ತಿಳಿಸಿ ಹೇಳಲಿ. ‘ನಮ್ಮ ಧರ್ಮ ಒಪ್ಪಲ್ಲರಿ’ ಅಂದ ದಂಪತಿಯ ಚಿಕಿತ್ಸೆಗೆ ಅದರಿಂದ ಎಳ್ಳಷ್ಟೂ ತೊಂದರೆಯಾಗಬಾರದು.