ಯಮನ್: ಗುಂಡಿಗಿಂತ ಹಸಿವೇ ಹೆಚ್ಚು ಕೊಂದ ಯುದ್ಧ

ಯಮನ್‌ನ ಏಡನ್ ಬಂದರಿಗೆ ಯಾವ್ಯಾವ ಊರಿನ ಹಡಗುಗಳು ಬರುತ್ತವೆ ಎಂದು 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾರೆ. ಆ ಪಟ್ಟಿಯಲ್ಲಿ ಹೊನ್ನಾವರವಿದೆ, ನಮ್ಮ ಮಂಗಳೂರೂ ಇದೆ. ತಮ್ಮ ಹಿರಿಯರು ಯಮನ್ ಕಡೆಯಿಂದ ಬಂದವರು ಎಂಬ ಮಾತು ಭಟ್ಕಳದ ನವಾಯತರಲ್ಲಿ ಇಂದಿಗೂ ಇದೆ. ಕರಾವಳಿಗೆ ಇಷ್ಟು ಹಳೆಯ ನಂಟಿರುವ ಆ ನಾಡು ಹತ್ತು ವರ್ಷಕ್ಕೂ ಮೀರಿ ಅಂತರ್ಯುದ್ಧದಲ್ಲಿ ಬೇಯುತ್ತಿದೆ.

2014ರ ಸೆಪ್ಟಂಬರ್‌ನಲ್ಲಿ ಹೌದಿಗಳು ರಾಜಧಾನಿ ಸನಾವನ್ನು ವಶಪಡಿಸಿಕೊಂಡರು. 2015ರ ಮಾರ್ಚ್‌ನಲ್ಲಿ ಸೌದಿ ನೇತೃತ್ವದ ಮಿತ್ರಪಡೆ ವಾಯುದಾಳಿ ಆರಂಭಿಸಿತು. ಆಗ ಭಾರತ ‘ಆಪರೇಷನ್ ರಾಹತ್’ ಮೂಲಕ 4,600ಕ್ಕೂ ಹೆಚ್ಚು ಭಾರತೀಯರನ್ನು ಹಡಗು, ವಿಮಾನಗಳಲ್ಲಿ ಪಾರು ಮಾಡಿತು. ನಮ್ಮವರು ಮನೆ ಸೇರಿದರು. ಯಮನಿಗಳಿಗೆ ಹೋಗಲು ಬೇರೆ ಮನೆ ಇರಲಿಲ್ಲ.

2021ರ ಅಂತ್ಯದ ವೇಳೆಗೆ ಈ ಯುದ್ಧಕ್ಕೆ ಸುಮಾರು 3,77,000 ಜೀವಗಳು ಬಲಿಯಾಗಿವೆ ಎಂದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅಂದಾಜಿಸಿದೆ. ಇದರಲ್ಲಿ ಶೇ. 60ರಷ್ಟು ಮಂದಿ ಸತ್ತದ್ದು ಗುಂಡು, ಬಾಂಬಿಗಲ್ಲ. ಹಸಿವು, ರೋಗ, ಚಿಕಿತ್ಸೆ ಇಲ್ಲದೆ. ಬಾಂಬ್ ಬೀಳದ ಮನೆಗೂ ಸಾವು ಬಂದದ್ದು ಹೇಗೆ?

ಯಮನ್ ತನಗೆ ಬೇಕಾದ ಗೋಧಿಯಲ್ಲಿ ಶೇ. 90ರಷ್ಟನ್ನು ಹೊರಗಿನಿಂದ ತರಿಸಿಕೊಳ್ಳುವ ದೇಶ. ಹೊದೈದಾ ಬಂದರಿಗೆ ಪೆಟ್ಟು ಬಿದ್ದು ಹಡಗುಗಳು ತಡವಾದಾಗ ಹಿಟ್ಟು ತುಟ್ಟಿಯಾಯಿತು, ಡೀಸೆಲ್ ಸಿಗದಾಯಿತು. ಡೀಸೆಲ್ ಇಲ್ಲದೆ ನೀರಿನ ಪಂಪ್ ನಿಂತಿತು. ಜನ ಸಿಕ್ಕಿದ ನೀರು ಕುಡಿದರು. 2017ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಶಂಕಿತ ಕಾಲರಾ ಪ್ರಕರಣಗಳು ವರದಿಯಾದವು.

2016ರಲ್ಲಿ ಕೇಂದ್ರ ಬ್ಯಾಂಕ್ ಸನಾದಿಂದ ಏಡನ್‌ಗೆ ಹೋಯಿತು. ಒಂದು ದೇಶಕ್ಕೆ ಎರಡು ಖಜಾನೆ. ನಡುವೆ ಸಿಕ್ಕಿಬಿದ್ದ ಲಕ್ಷಾಂತರ ಸರಕಾರಿ ನೌಕರರಿಗೆ, ಶಾಲೆಯ ಮೇಷ್ಟ್ರುಗಳಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಯುದ್ಧಕ್ಕೆ ಮೊದಲು ಒಂದು ಡಾಲರಿಗೆ ಸುಮಾರು 215 ರಿಯಾಲ್ ಇದ್ದದ್ದು 2021ರಲ್ಲಿ ಏಡನ್ ಭಾಗದಲ್ಲಿ ಸಾವಿರ ದಾಟಿತು. ಅಂಗಡಿಯಲ್ಲಿ ಹಿಟ್ಟಿತ್ತು, ಜನರ ಕಿಸೆಯಲ್ಲಿ ದುಡ್ಡಿರಲಿಲ್ಲ. ಮೊದಲು ಮೀನು, ಮಾಂಸ ಬಿಟ್ಟರು, ಆಮೇಲೆ ಒಂದು ಹೊತ್ತಿನ ಊಟ. ಚಿನ್ನ ಮಾರಿದರು, ಸಾಲ ಮಾಡಿದರು, ಮಕ್ಕಳನ್ನು ಶಾಲೆ ಬಿಡಿಸಿದರು. ಎಷ್ಟೋ ಕಡೆ ಹುಡುಗಿಯರಿಗೆ ಎಳೆ ವಯಸ್ಸಲ್ಲೇ ಮದುವೆ ಮಾಡಿದರು.

ಈ ಸಂಕಟ ಭಟ್ಕಳ, ಹೊನ್ನಾವರ, ಕುಮಟಾದ ಮನೆಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಗಲ್ಫ್‌ನಿಂದ ಬರುವ ಹಣ ಒಂದು ತಿಂಗಳು ತಡವಾದರೆ ಬಾಡಿಗೆ, ಶಾಲೆ ಫೀಸು, ಔಷಧಿ ಯಾವುದನ್ನು ಮುಂದೂಡುವುದು ಎಂಬ ಲೆಕ್ಕ ಇಲ್ಲಿನ ತಾಯಂದಿರಿಗೆ ಗೊತ್ತು. ಯಮನ್‌ನ ಎಷ್ಟೋ ಕುಟುಂಬಗಳೂ ಸೌದಿಯಲ್ಲಿ ದುಡಿಯುವ ಮಗನ ಹಣದಿಂದಲೇ ಬದುಕಿವೆ. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಹಣ ಬರದಿದ್ದರೂ ರೇಷನ್ ಅಂಗಡಿ ಇದೆ, ಸರಕಾರಿ ಆಸ್ಪತ್ರೆ ಇದೆ, ತೆರೆದ ಶಾಲೆ ಇದೆ. ಅಂತರ್ಯುದ್ಧ ಮೊದಲು ಕಿತ್ತುಕೊಳ್ಳುವುದು ಇವನ್ನೇ.

2022ರ ಏಪ್ರಿಲ್‌ನಲ್ಲಿ ಕದನ ವಿರಾಮವಾಗಿ ಕಾಳಗ ಬಹಳ ಕಡಿಮೆಯಾಯಿತು, ಆದರೆ ಹಸಿವು ಕಡಿಮೆಯಾಗಲಿಲ್ಲ. ಮುರಿದ ಸೇತುವೆ ಕಟ್ಟಬಹುದು. ಶಾಲೆ ಬಿಟ್ಟ ಮಗು, ಮಾರಿದ ದೋಣಿ ಅಷ್ಟು ಸುಲಭಕ್ಕೆ ವಾಪಸ್ ಬರುವುದಿಲ್ಲ. ಚಾ ಅಂಗಡಿಯಲ್ಲಿ ಕೂತು ‘ಅಲ್ಲಿ ಯಾರು ಗೆದ್ದರು’ ಅಂತ ನಾವು ಕೇಳ್ತೇವೆ. ಇನ್ನು ಮುಂದೆ ಅಲ್ಲಿ ಹಿಟ್ಟಿಗೆ ಎಷ್ಟು, ಮೇಷ್ಟ್ರಿಗೆ ಸಂಬಳ ಬಂತಾ ಅಂತಲೂ ಕೇಳೋಣ.