ಸಿಂಗಪುರ ದ್ವೀಪದಲ್ಲಿ ಕನ್ನಡದ ಸಂಸಾರ

ಕೃಷ್ಣೆಯ ದಂಡೆಯ ಮೇಲಿರುವ ನಮ್ಮ ಅಂಕಲಿಯ ಸೀಮೆಯವರಿಗೆ ಸುತ್ತಲೂ ನೀರು ನಿಂತ ಊರಿನ ಅನುಭವ ಹೊಸದಲ್ಲ. 2019ರ ಆಗಸ್ಟ್ ತಿಂಗಳಲ್ಲಿ ನದಿಯು ಉಕ್ಕಿ ಹರಿದಾಗ ಈ ಭಾಗದ ಎಷ್ಟೋ ಊರುಗಳು ಕೆಲವು ದಿವಸ ನಡುಗಡ್ಡೆಗಳಾಗಿದ್ದವು. ಆ ನೀರು ಇಳಿಯಿತು, ಜನ ತಂತಮ್ಮ ಮನೆಗಳಿಗೆ ಮರಳಿದರು. ಆದರೆ ಆಯುಷ್ಯದ ಹತ್ತು ಹದಿನೈದು ವರುಷಗಳನ್ನು ಸಮುದ್ರದ ನಡುವಿನ ದ್ವೀಪದಲ್ಲಿಯೇ ಕಳೆಯುವವರ ಸಂಸಾರ ಹೇಗೆ ನಡೆಯುತ್ತದೆ? ಉದ್ಯೋಗ ನಿಮಿತ್ತ ಕರ್ನಾಟಕದಿಂದ ಸಿಂಗಪುರಕ್ಕೆ ಹೋಗಿ ನೆಲೆಸಿದ ಕುಟುಂಬಗಳ ನಿತ್ಯಜೀವನವನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲು ಯತ್ನಿಸಿದೆ. ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಈ ವಿಷಯಕ್ಕೇನು ಸ್ಥಾನವೆಂದು ವಾಚಕರು ಕೇಳಬಹುದು. ಆ ಮನೆಗಳಲ್ಲಿ ಬೆಳೆಯುವ ಮಕ್ಕಳು ನಮ್ಮವರ ಮೊಮ್ಮಕ್ಕಳೆಂಬುದೇ ಅದಕ್ಕೆ ಉತ್ತರ.

ಸಿಂಗಪುರವು ಭೂಮಧ್ಯರೇಖೆಯ ಉತ್ತರಕ್ಕೆ ಕೇವಲ ಒಂದು ಅಕ್ಷಾಂಶದಷ್ಟು ದೂರದಲ್ಲಿದೆ. ಮುಖ್ಯ ದ್ವೀಪದ ಉದ್ದ ಪೂರ್ವ ಪಶ್ಚಿಮವಾಗಿ ಸುಮಾರು 50 ಕಿ.ಮೀ.; ಅಗಲ ಅದರ ಅರ್ಧಕ್ಕಿಂತ ತುಸು ಹೆಚ್ಚು. 1965ರ ಆಗಸ್ಟ್ 9ರಂದು ಅದು ಸ್ವತಂತ್ರ ರಾಷ್ಟ್ರವಾಯಿತು. ಅಲ್ಲಿ ನಮ್ಮಲ್ಲಿಯಂತೆ ಮಳೆಗಾಲ, ಚಳಿಗಾಲ, ಬೇಸಿಗೆಗಳ ಭೇದವಿಲ್ಲ. ವರುಷವಿಡೀ ಒಂದೇ ಬಗೆಯ ಸೆಕೆ, ಯಾವ ತಿಂಗಳಲ್ಲಾದರೂ ಮಧ್ಯಾಹ್ನ ಸುರಿದು ಹೋಗುವ ಮಳೆ. ಹಗಲು ಇರುಳುಗಳ ಪ್ರಮಾಣವೂ ಹೆಚ್ಚು ಕಡಿಮೆಯಾಗುವುದಿಲ್ಲ. ಸೂರ್ಯೋದಯ ಸುಮಾರು ಏಳು ಗಂಟೆಗೆ, ಸೂರ್ಯಾಸ್ತವೂ ಸುಮಾರು ಏಳು ಗಂಟೆಗೆ. ಯುಗಾದಿಯ ಚಿಗುರನ್ನಾಗಲಿ, ಸಂಕ್ರಾಂತಿಯ ಚಳಿಯನ್ನಾಗಲಿ ಅಲ್ಲಿ ಹುಟ್ಟಿದ ಮಗು ಕಂಡಿರುವುದಿಲ್ಲ.

ಅಲ್ಲಿಯ ನಿವಾಸಿಗಳಲ್ಲಿ ಹೆಚ್ಚಿನವರು ವಾಸಿಸುವುದು ಸರಕಾರದ ವಸತಿ ಮಂಡಳಿಯು ಕಟ್ಟಿದ ಬಹುಮಹಡಿ ಕಟ್ಟಡಗಳಲ್ಲಿ. 1960ರಲ್ಲಿ ಸ್ಥಾಪಿತವಾದ ಈ ಮಂಡಳಿಯ ಮನೆಗಳಲ್ಲಿ ನೂರಕ್ಕೆ ಎಂಬತ್ತರ ಆಸುಪಾಸು ಜನ ಇದ್ದಾರೆ. ಚೀಣಿಯರು, ಮಲಯರು, ಭಾರತೀಯರು ಬೇರೆ ಬೇರೆ ಕೇರಿಗಳಾಗಿ ಒಡೆದು ಹೋಗಬಾರದೆಂದು ಒಂದೊಂದು ಕಟ್ಟಡದಲ್ಲಿಯೂ ಆಯಾ ಜನಾಂಗದವರ ಪಾಲು ಇಷ್ಟನ್ನು ಮೀರಬಾರದೆಂಬ ನಿಯಮವನ್ನು 1989ರಲ್ಲಿ ತರಲಾಯಿತು. ಆದುದರಿಂದ ಕನ್ನಡದ ಮನೆಯ ಒಂದು ಮಗ್ಗುಲಿಗೆ ಚೀಣಿಯರು, ಇನ್ನೊಂದು ಮಗ್ಗುಲಿಗೆ ಮಲಯರು ಇರುವುದು ಸಾಮಾನ್ಯ. ಕಟ್ಟಡದ ನೆಲಮಹಡಿಯನ್ನು ಬಹುತೇಕ ಬಯಲಾಗಿ ಬಿಟ್ಟಿರುತ್ತಾರೆ. ಒಂದು ದಿನ ಅಲ್ಲಿ ಮಲಯರ ಮದುವೆಯ ಊಟ ನಡೆದರೆ, ಮತ್ತೊಂದು ದಿನ ಚೀಣೀ ಹಿರಿಯರೊಬ್ಬರ ಅಂತ್ಯವಿಧಿ ನಡೆಯುತ್ತದೆ. ನಮ್ಮ ಊರಿನ ಕಟ್ಟೆಯ ಕೆಲಸವನ್ನು ಅಲ್ಲಿ ಈ ಬಯಲು ಮಾಡುತ್ತದೆ.

ಇಂಥ ಒಂದು ಮನೆಯ ದಿನಚರಿಯನ್ನು ಕಲ್ಪಿಸಿಕೊಳ್ಳೋಣ. ಶಾಲೆಗಳು ಮುಂಜಾನೆ ಏಳೂವರೆಯ ಸುಮಾರಿಗೆ ಆರಂಭವಾಗುವುದರಿಂದ, ದೂರದ ಮಕ್ಕಳು ಆರೂವರೆಗೆ, ಇನ್ನೂ ಕತ್ತಲಿರುವಾಗಲೇ ಬಸ್ಸು ಹತ್ತುತ್ತಾರೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದೆ. ಆಗ ಅಂಕಲಿಯಲ್ಲಿ ನಸುಕಿನ ನಾಲ್ಕು ಗಂಟೆ. ತಂದೆ ರೈಲು ಹಿಡಿದು ಕಚೇರಿಗೆ ಹೋಗುತ್ತಾನೆ. ತಾಯಿಗೆ ಪದವಿಯಿದ್ದರೂ ಉದ್ಯೋಗ ಸುಲಭವಲ್ಲ. ಗಂಡನ ಅವಲಂಬಿತಳೆಂಬ ಪರವಾನಿಗೆಯ ಮೇಲೆ ಬಂದವಳು 2021ರ ಮೇ ತಿಂಗಳಿಂದೀಚೆಗೆ ಸಾಮಾನ್ಯವಾಗಿ ಪ್ರತ್ಯೇಕ ಉದ್ಯೋಗ ಪರವಾನಿಗೆಯನ್ನು ಪಡೆದೇ ದುಡಿಯಬೇಕು. ಇಬ್ಬರೂ ದುಡಿಯುವ ಮನೆಯಲ್ಲಿ ಇಂಡೋನೇಶಿಯಾ, ಫಿಲಿಪೈನ್ಸ್ ಅಥವಾ ಮ್ಯಾನ್ಮಾರಿನಿಂದ ಬಂದ ಮನೆಗೆಲಸದವಳು ಮಕ್ಕಳನ್ನು ನೋಡಿಕೊಳ್ಳುವುದುಂಟು. ಆಕೆಯೊಡನೆ ಮಗು ಆಡುವ ಭಾಷೆ ಇಂಗ್ಲಿಷು. ಸಂಜೆ ಆರೂವರೆಗೆ ಅಂಕಲಿಯ ಅಜ್ಜ ದೀಪ ಹಚ್ಚಿ ಫೋನು ಮಾಡಿದರೆ ಅಲ್ಲಿ ರಾತ್ರಿ ಒಂಬತ್ತು. ಮೊಮ್ಮಗನ ಕಣ್ಣು ನಿದ್ದೆಗೆ ಎಳೆಯುತ್ತಿರುತ್ತದೆ. ಅಜ್ಜ ಮೊಮ್ಮಕ್ಕಳಿಗೆ ದೊರೆಯುವ ಕಾಲ ಈ ಸಣ್ಣ ಸಂದಿಯಷ್ಟೇ.

ಅಡಿಗೆಮನೆಯ ಮಾತೂ ಹೇಳಲೇಬೇಕು. ಸೆರಂಗೂನ್ ರಸ್ತೆಯ ಭಾರತೀಯ ಪೇಟೆಯಲ್ಲಿ ಬೇಳೆ, ಮಸಾಲೆ, ತೆಂಗು, ಕರಿಬೇವು, ಹೂವು ಯಾವುದಕ್ಕೂ ಕೊರತೆಯಿಲ್ಲ. ಉತ್ತರ ಕರ್ನಾಟಕದ ಮನೆಗೆ ತೊಡಕಾಗುವುದು ಜೋಳದ ರೊಟ್ಟಿ. ಹಿಟ್ಟು ಹಳತಾದಂತೆ ಅದರ ಜಿಗುಟು ಹೋಗಿ, ಬಡಿಯುವಾಗ ರೊಟ್ಟಿಯ ಅಂಚು ಬಿರಿಯುತ್ತದೆಂಬುದನ್ನು ನಮ್ಮ ತಾಯಂದಿರು ಬಲ್ಲರು. ಹಸಿ ಹವೆಯ ಆ ದ್ವೀಪದಲ್ಲಿ ಹಿಟ್ಟು ಬೇಗನೆ ಕೆಡುವುದರಿಂದ ಅದನ್ನು ಶೀತಪೆಟ್ಟಿಗೆಯಲ್ಲಿ ಇಡಬೇಕು. ಊರಿನಿಂದ ಒಯ್ದ ಖಡಕ್ ರೊಟ್ಟಿಯೂ ಡಬ್ಬಿಯ ಮುಚ್ಚಳ ಸಡಿಲಾದರೆ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳು ಮಾತ್ರ ಈ ಪ್ರವಾಸವನ್ನು ತಾಳಿಕೊಳ್ಳುತ್ತವೆ. 1990ರ ದಶಕದ ಕೊನೆಯಿಂದ ಕಟ್ಟಿದ ಮನೆಗಳಲ್ಲಿ ಯುದ್ಧಕಾಲದ ರಕ್ಷಣೆಗೆಂದು ದಪ್ಪ ಗೋಡೆಯ ಚಿಕ್ಕ ಕೋಣೆಯೊಂದಿರುತ್ತದೆ. ಶಾಂತಿಕಾಲದಲ್ಲಿ ಅದೇ ಮನೆಯ ಉಗ್ರಾಣ.

ಹೀಗೆ ಊಟ, ವಸತಿ, ನೀರು, ಸ್ವಚ್ಛತೆ, ಸುರಕ್ಷತೆ ಇವುಗಳ ಮಟ್ಟಿಗೆ ಅಲ್ಲಿ ದೊಡ್ಡ ಕೊರತೆಯಿಲ್ಲ. ಸದ್ದಿಲ್ಲದೆ ಸವೆಯುವುದು ಮನೆಯ ಮಾತು. ಅದಕ್ಕೆ ಕಾರಣಗಳನ್ನು ಅರಿಯುವುದು ಅವಶ್ಯ.

ಮೊದಲನೆಯ ಕಾರಣ ಶಾಲೆ. ಆ ದೇಶದ ಅಧಿಕೃತ ಭಾಷೆಗಳು ನಾಲ್ಕು: ಮಲಯ, ಚೀಣಿ, ತಮಿಳು, ಇಂಗ್ಲಿಷು. ಕಲಿಕೆಯೆಲ್ಲ ಇಂಗ್ಲಿಷಿನಲ್ಲಿ, ಜೊತೆಗೆ ಒಂದು 'ಮಾತೃಭಾಷೆ'ಯನ್ನು ಪ್ರತಿಯೊಂದು ಮಗುವೂ ಓದಿ ಪರೀಕ್ಷೆ ಕೊಡಬೇಕು. ಭಾರತೀಯರಲ್ಲಿ ತಮಿಳರೇ ಬಹುಸಂಖ್ಯಾತರಾದುದರಿಂದ ತಮಿಳಿಗೆ ಆ ಸ್ಥಾನ ದೊರೆತಿದೆ. ಮುಂದೆ ಬಂಗಾಲಿ, ಗುಜರಾತಿ, ಹಿಂದಿ, ಪಂಜಾಬಿ, ಉರ್ದು ಭಾಷೆಗಳಿಗೂ ಅವಕಾಶ ಕೊಡಲಾಯಿತು. ಕನ್ನಡ ಆ ಪಟ್ಟಿಯಲ್ಲಿಲ್ಲ. ಕನ್ನಡದ ಮಗು ತನ್ನ 'ಮಾತೃಭಾಷೆ'ಯೆಂದು ತಮಿಳನ್ನೋ ಹಿಂದಿಯನ್ನೋ ಬರೆದುಕೊಳ್ಳಬೇಕಾಗುತ್ತದೆ. ತಾಯಿಯ ಭಾಷೆ ಒಂದು, ಕಾಗದದ ಮೇಲಿನ ಮಾತೃಭಾಷೆ ಇನ್ನೊಂದು! ಇದರಲ್ಲಿ ಯಾರ ದ್ವೇಷವೂ ಇಲ್ಲ. ಸಂಖ್ಯೆ ಕಡಿಮೆಯಾದವರಿಗೆ ಎಲ್ಲಿಯೂ ಒದಗುವ ಸ್ಥಿತಿ ಇದು.

ಎರಡನೆಯ ಕಾರಣ ಪಂಚಾಂಗ. ನಮ್ಮ ಹಬ್ಬಗಳು ಹೊಲಗಳೊಡನೆ ಹೆಣೆದುಕೊಂಡವು. ಕಾರಹುಣ್ಣಿಮೆಗೆ ಎತ್ತುಗಳ ಸಿಂಗಾರ, ಮಣ್ಣೆತ್ತಿನ ಅಮಾವಾಸ್ಯೆಗೆ ಜಿಗುಟು ಮಣ್ಣಿನ ಬಸವಣ್ಣ, ಸೀಗೆ ಹುಣ್ಣಿಮೆಗೂ ಎಳ್ಳಮಾವಾಸ್ಯೆಗೂ ಹೊಲದಲ್ಲಿ ಚರಗ ಚೆಲ್ಲುವುದು. ಎತ್ತು, ಹೊಲ, ಋತು ಮೂರೂ ಇಲ್ಲದ ಕಡೆ ಈ ಹಬ್ಬಗಳು ಮೊದಲು ಹೋಗುತ್ತವೆ. ಅವುಗಳ ಬೆನ್ನಿಗೆ ರಂಟೆ, ಕುಂಟೆ, ಕೂರಿಗೆ, ಚರಗ ಎಂಬ ಮಾತುಗಳೂ ಹೋಗುತ್ತವೆ. ವಸ್ತುವನ್ನು ಕಾಣದ ಮಗುವಿಗೆ ಶಬ್ದವನ್ನು ಉಳಿಸಿಕೊಡುವುದು ಕಷ್ಟ. ಉಳಿಯುವುದು "ಬಾ, ಉಣ್ಣು, ಮಲಗು" ಎಂಬಷ್ಟು ಕನ್ನಡ. ಅಷ್ಟರಿಂದ ಅಜ್ಜಿಯ ಕಥೆ ತಿಳಿಯುವುದಿಲ್ಲ.

ಮೂರನೆಯದು ಹಿರಿಯರ ಅಭಾವ. ದುಡಿಯುವವನು ತಂದೆತಾಯಿಗಳನ್ನು ದೀರ್ಘಕಾಲ ಇರಿಸಿಕೊಳ್ಳಬೇಕಾದರೆ ಅವನ ತಿಂಗಳ ಸಂಬಳ ಕನಿಷ್ಠ 12,000 ಸಿಂಗಪುರ ಡಾಲರ್ ಇರಬೇಕೆಂದು ನಿಯಮವುಂಟು. ಅಷ್ಟಿಲ್ಲದವರ ಹಿರಿಯರು ಅತಿಥಿಗಳಾಗಿ ಕೆಲವು ವಾರ ಇದ್ದು ಮರಳಬೇಕು. ಈ ದೂರದ ನೋವು ಮಹಾಮಾರಿಯ ಕಾಲದಲ್ಲಿ ಎಲ್ಲರ ಅರಿವಿಗೆ ಬಂತು. ಭಾರತದಿಂದ ನಿಯತ ಅಂತರರಾಷ್ಟ್ರೀಯ ವಿಮಾನ ಸಂಚಾರವು 2020ರ ಮಾರ್ಚ್ 23ರಿಂದ 2022ರ ಮಾರ್ಚ್ 27ರವರೆಗೆ ನಿಂತಿತ್ತು. ವಿಶೇಷ ವಿಮಾನಗಳಿದ್ದರೂ ನಿರ್ಬಂಧಗಳು ಅನೇಕ. ನಾಲ್ಕೂವರೆ ತಾಸಿನ ಹಾದಿಯು ಒಮ್ಮೆಲೆ ಅಳತೆಗೆ ಮೀರಿತು. ಹೆತ್ತವರ ಅಂತ್ಯದರ್ಶನವನ್ನು ಫೋನಿನ ಗಾಜಿನಲ್ಲಿ ಮಾಡಬೇಕಾಗಿ ಬಂದವರಿಗೆ ದ್ವೀಪವೆಂಬ ಮಾತಿನ ಅರ್ಥ ಆಗ ತಿಳಿಯಿತು.

ನೆಲೆ ಗಟ್ಟಿಯಾದಂತೆ ಇನ್ನೊಂದು ಪ್ರಶ್ನೆ ಏಳುತ್ತದೆ. ಖಾಯಂ ನಿವಾಸದ ಹಕ್ಕು ಪಡೆದ ತಂದೆಯ ಮೂಲಕ ಅದೇ ಹಕ್ಕು ಪಡೆದ ಮಗನು ಹದಿನೆಂಟರ ಸುಮಾರಿಗೆ ಎರಡು ವರುಷ ಕಡ್ಡಾಯ ರಾಷ್ಟ್ರಸೇವೆ ಮಾಡಬೇಕು. ಪೌರತ್ವ ಬೇಕಾದರೆ ಭಾರತದ ಪೌರತ್ವವನ್ನು ಬಿಡಬೇಕು; ಎರಡನ್ನೂ ಇಟ್ಟುಕೊಳ್ಳಲು ಎರಡು ದೇಶಗಳೂ ಒಪ್ಪುವುದಿಲ್ಲ. "ಇನ್ನೆರಡು ವರುಷ ಇದ್ದು ಬರುತ್ತೇವೆ" ಎಂಬ ಮಾತು ಅಲ್ಲಿಗೆ ಮುಗಿದು, ಒಂದು ನಿರ್ಧಾರ ಮಾಡಲೇಬೇಕಾಗುತ್ತದೆ.

ಹಾಗಾದರೆ ಕನ್ನಡ ಉಳಿಯುವ ಬಗೆ ಹೇಗೆ? 1996ರಲ್ಲಿ ಹುಟ್ಟಿದ ಸಿಂಗಪುರ ಕನ್ನಡ ಸಂಘವು ಅಲ್ಲಿಯ ಕನ್ನಡಿಗರನ್ನು ಒಂದೆಡೆ ಕೂಡಿಸುತ್ತ ಬಂದಿದೆ. ಇದು ಶ್ಲಾಘ್ಯ. ಆದರೆ ಸಂಘವು ಕೆಲವು ದಿನಗಳ ಸಂಭ್ರಮ, ಮನೆ ಪ್ರತಿದಿನದ ಪಾಠಶಾಲೆ. ಈ ವಿಷಯದಲ್ಲಿ ಗಡಿನಾಡಿನ ನಮಗೆ ಒಂದು ಅನುಭವವುಂಟು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ ಇಂಗ್ಲಿಷು ಕಲಿತು ಬೆಳೆದಿದ್ದಾರೆ. ಒಂದು ಭಾಷೆ ಬಂದುದರಿಂದ ಇನ್ನೊಂದು ಓಡಿಹೋಗಲಿಲ್ಲ. ಏಕೆಂದರೆ ಪ್ರತಿಯೊಂದಕ್ಕೂ ಒಂದು ಸ್ಥಳವಿತ್ತು. ಸ್ಥಳ ತಪ್ಪಿದ ಭಾಷೆ ಮಾತ್ರ ಸಾಯುತ್ತದೆ. ದ್ವೀಪದ ಮನೆಯಲ್ಲಿ ಕನ್ನಡಕ್ಕೆ ಊಟದ ಪಙ್ಕ್ತಿಯೊಂದನ್ನಾದರೂ ಮೀಸಲಿಟ್ಟರೆ ಅದು ಬಾಳುತ್ತದೆ.

ಇಲ್ಲಿದ್ದವರ ಕರ್ತವ್ಯವೂ ಇದೆ. ಸಿಂಗಪುರದ ಶಾಲೆಗಳಿಗೆ ಜೂನ್ ತಿಂಗಳಲ್ಲಿ ಸುಮಾರು ನಾಲ್ಕು ವಾರ, ವರ್ಷಾಂತ್ಯದಲ್ಲಿ ಸುಮಾರು ಆರು ವಾರ ರಜೆ. ಜೂನ್ ಎಂದರೆ ನಮ್ಮ ಶಾಲೆಗಳು ತೆರೆದು ಪಾಠ ಆರಂಭವಾಗುವ ಕಾಲ. ಮಣ್ಣೆತ್ತಿನ ಅಮಾವಾಸ್ಯೆಯೂ ಬಹುಧಾ ಆಗಲೇ ಅಥವಾ ಅದರ ಹಿಂದೆಮುಂದೆ ಬರುತ್ತದೆ. ಊರಿಗೆ ಬಂದ ಮಗುವನ್ನು ಹದಿನೈದು ದಿವಸ ಅದರ ಓರಗೆಯವರ ವರ್ಗದಲ್ಲಿ ಕುಳ್ಳಿರಿಸಲು ಶಿಕ್ಷಕರು ಮನಸ್ಸು ಮಾಡಬಾರದೇಕೆ? ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ಚಿಂತೆಯಿಲ್ಲ. ಹಲಗೆಯ ಮೇಲಿನ ಅಕ್ಷರ ಅದರ ಕಣ್ಣಿಗೆ ಬೀಳಲಿ, ಕೈಗೆ ಮಣ್ಣು ಹತ್ತಲಿ. ವರ್ಷಾಂತ್ಯದಲ್ಲಿ ಬಂದ ಮಗುವನ್ನು ಅಜ್ಜ ಕಬ್ಬಿನ ಗಾಣಕ್ಕೆ ಕರೆದೊಯ್ದು ಒಂದೊಂದು ವಸ್ತುವಿನ ಹೆಸರನ್ನು ಹೇಳಲಿ. ಹಳೆಯ ವಿದ್ಯಾರ್ಥಿಗಳು, ದಾನಿಗಳು ಕಟ್ಟಡಗಳಿಗೆ ಕೊಡುವಂತೆ ಇಂಥ ಮಕ್ಕಳ ಕೈಗೆ ಒಂದಿಷ್ಟು ಕನ್ನಡ ಪುಸ್ತಕಗಳನ್ನೂ ಕೊಡಲಿ.

ಹೋದವರು ಮರಳಿ ಬರುವರೋ ಇಲ್ಲವೋ ಅದು ಅವರವರ ಉದ್ಯೋಗ, ಅವರವರ ಪರಿಸ್ಥಿತಿ. ಆದರೆ ರಾತ್ರಿ ಒಂಬತ್ತರ ಆ ಫೋನಿನಲ್ಲಿ ಅಜ್ಜನು "ಏನು ಉಂಡಿ, ಮಗಾ?" ಎಂದು ಕೇಳಿದಾಗ, ನಡುವೆ ತಾಯಿಯು ಅರ್ಥ ಹೇಳುವ ಅಗತ್ಯವಿಲ್ಲದೆ ಮೊಮ್ಮಗನೇ ಉತ್ತರ ಕೊಡುವಂತಾಗಬೇಕು. ಅಷ್ಟಾದರೆ ಸಮುದ್ರದ ದೂರ ಅರ್ಧ ಕಡಿಮೆಯಾದಂತೆ.