ಕಲ್ಲಿನ ತವರು ಯಾವುದು?

ಶಿರಸಿ ತಾಲ್ಲೂಕಿನ ಬನವಾಸಿಯಲ್ಲಿ, ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ನಾಗಶಿಲ್ಪವೊಂದಿದೆ. ಹಾರಿತೀಪುತ್ರ ಶಾತಕರ್ಣಿಯ ಕಾಲದಲ್ಲಿ ಚುಟು ವಂಶದ ರಾಜಕುಮಾರಿಯೊಬ್ಬಳು ಈ ನಾಗ, ಕೆರೆ, ವಿಹಾರಗಳನ್ನು ದಾನ ಮಾಡಿದಳೆಂದು ಅದರ ಮೇಲಿನ ಪ್ರಾಕೃತ ಶಾಸನ ಹೇಳುತ್ತದೆ. ಕೆತ್ತಿದ ನಾಟಕ ಎಂಬ ಶಿಲ್ಪಿಯ ಹೆಸರೂ ಅವನ ಗುರುವಿನ ಹೆಸರೂ ಅಲ್ಲಿವೆ. ಕಲ್ಲನ್ನು ಯಾವ ಬಂಡೆಯಿಂದ ಎಬ್ಬಿಸಿ ತಂದರೆಂಬುದು ಮಾತ್ರ ಇಲ್ಲ.

ಅಕ್ಷರ ಬಿಟ್ಟುಹೋದದ್ದನ್ನು ಕಲ್ಲಿನಿಂದಲೇ ಕೇಳಿ ತಿಳಿಯುವ ವಿದ್ಯೆ ಈಗ ಚೆನ್ನಾಗಿ ಬೆಳೆದಿದೆ.

ಮಧ್ಯ ಅಮೆರಿಕದ ಮಾಯಾ ಜನರ ಮನೆಗಳನ್ನೇ ನೋಡಿ. ಕಬ್ಬಿಣ ಕಾಣದ ಅವರು ಅಬ್ಸಿಡಿಯನ್ ಎಂಬ ಜ್ವಾಲಾಮುಖಿ ಗಾಜಿನ ಅಲಗುಗಳಿಂದ ಹೆಚ್ಚುತ್ತಿದ್ದರು, ಕೊಯ್ಯುತ್ತಿದ್ದರು. ಈ ಗಾಜಿನಲ್ಲಿರುವ ರುಬಿಡಿಯಂ, ಸ್ಟ್ರಾನ್ಷಿಯಂ, ಜಿರ್ಕೋನಿಯಂಗಳ ಪ್ರಮಾಣ ಒಂದೊಂದು ಬೆಟ್ಟಕ್ಕೆ ಒಂದೊಂದು ತೆರ. ಕ್ಷ-ಕಿರಣ ಹಾಯಿಸಿ ಅಳೆದರೆ ಚೂರಿನ ತವರು ಗ್ವಾಟೆಮಾಲಾದ ಎಲ್ ಚಯಾಲೋ ಇಷ್ಟೆಪೆಕೆಯೋ ಎಂದು ಗೊತ್ತಾಗುತ್ತದೆ, ವಸ್ತುವಿನ ಮೇಲೆ ಒಂದು ಗೀರೂ ಬೀಳುವುದಿಲ್ಲ. ಎಲ್ ಸಾಲ್ವಡಾರಿನ ಸೆರೆನ್ ಎಂಬ ಹಳ್ಳಿ ಸುಮಾರು 1,400 ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿತ್ತು. ಪುರಾತತ್ವಜ್ಞ ಪೇಸನ್ ಶೀಟ್ಸ್ ಅವರ ತಂಡ ಅದನ್ನು ಅಗೆದಾಗ, ಅಬ್ಸಿಡಿಯನ್ ಅಲಗುಗಳನ್ನು ಹುಲ್ಲಿನ ಮಾಡಿನಲ್ಲಿ ಸಿಕ್ಕಿಸಿಟ್ಟಿದ್ದು ಕಂಡಿತು. ಮಕ್ಕಳ ಕೈಗೆ ಎಟುಕದಿರಲಿ ಎಂಬ ಕಾಳಜಿಯಿರಬೇಕು. ಆ ಅಲಗುಗಳು ಇಷ್ಟೆಪೆಕೆಯ ಕಲ್ಲಿನವು. ಮೆಕ್ಕೆಜೋಳ ಬೆಳೆಯುವ ರೈತರ ಮಾಡಿಗೂ ಹೊರಸೀಮೆಯ ಸರಕು ತಲುಪಿತ್ತು! ಅರಸರ ಶಾಸನಗಳಿಂದ ಇಂಥ ಮನೆವಾರ್ತೆ ತಿಳಿಯುವುದು ಕಷ್ಟ.

ಕರ್ನಾಟಕದಲ್ಲಿ ಇಂಥ ಕಲ್ಲಿನ ಕತೆಗೆ ಹತ್ತಿರವಾದದ್ದು ಬಳ್ಳಾರಿ ಪಕ್ಕದ ಸಂಗನಕಲ್ಲು. ಅಲ್ಲಿಯ ಹಿರೇಗುಡ್ಡದ ಗ್ರಾನೈಟನ್ನು ಸೀಳಿಕೊಂಡು ಡಾಲರೈಟ್ ಎಂಬ ಕರಿಕಲ್ಲಿನ ಪಟ್ಟೆ ಹಾದುಹೋಗಿದೆ. ಸುಮಾರು 3,500 ವರ್ಷಗಳ ಹಿಂದೆ ಜನ ಆ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಬಂಡೆಗೆ ಉಜ್ಜಿ ಕೊಡಲಿ ಮಾಡುತ್ತಿದ್ದರು. ಉಜ್ಜಿದ ಗುಳಿಗಳು ಬಂಡೆಗಳ ಮೇಲೆ ಇಂದಿಗೂ ಇವೆ. 1872ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದ ಈ ನೆಲೆಯನ್ನು ಪುರಾತತ್ವಜ್ಞರಾದ ರವಿ ಕೋರಿಶೆಟ್ಟರ್, ನಿಕೋಲ್ ಬೊಯ್ವಿನ್ ಮೊದಲಾದವರು ಮತ್ತೆ ಶೋಧಿಸಿದ್ದಾರೆ. ಅಲ್ಲಿ ಬಿದ್ದಿರುವ ಚಕ್ಕೆಗಳ ರಾಶಿ ನೋಡಿದರೆ, ಅದು ಒಂದೂರಿನ ಬಳಕೆಗಷ್ಟೇ ನಡೆದ ಕೆಲಸವೆನಿಸುವುದಿಲ್ಲ. ಆದರೆ ಇಂಥ ಕರಿಕಲ್ಲಿನ ಪಟ್ಟೆಗಳು ದಕ್ಷಿಣ ಭಾರತದಲ್ಲಿ ಹಲವು. ಬರಿಗಣ್ಣಿಗೆ ಎಲ್ಲವೂ ಒಂದೇ ರೀತಿ ಕಾಣುವುದರಿಂದ, ದೂರದಲ್ಲಿ ಸಿಕ್ಕ ಕೊಡಲಿಯ ಮೂಲ ಹೇಳಲು ರಸಾಯನ ಪರೀಕ್ಷೆಯೇ ಬೇಕು.

ಬನವಾಸಿಯ ನಾಗನಿಗೂ ಇದೇ ಪ್ರಶ್ನೆ ಕೇಳಬೇಕು. ಮನೆಯ ಕಲ್ಲುಗಳಿಗೂ ಕೇಳಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗೋಡೆಗೆ ಚಿರೇಕಲ್ಲು ಒದಗುತ್ತದೆ, ಆದರೆ ತೂತುತೂತಾದ ಆ ಕಲ್ಲಿನಲ್ಲಿ ರುಬ್ಬಲಾಗದು, ಬೀಸಲಾಗದು. ಒರಳಿಗೆ, ಬೀಸುಕಲ್ಲಿಗೆ ಗಟ್ಟಿ ಕಲ್ಲೇ ಬೇಕು. ಮಿಕ್ಸಿ ಬಂದ ಮೇಲೆ ಇವು ಹಿತ್ತಿಲು ಸೇರಿವೆ. ಮನೆ ರಿಪೇರಿಯ ಭರದಲ್ಲಿ ಅವನ್ನು ಸಾಗಹಾಕುವ ಮೊದಲು ಹಿರಿಯರನ್ನು ಕೇಳಿ: ಯಾವ ಊರ ಕಲ್ಲು, ಕಡೆದವರು ಯಾರು, ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡದ್ದೋ, ಗಾಡಿಯಲ್ಲಿ ಬಂದದ್ದೋ? ಅವರಿಗೆ ನೆನಪಿರುವಾಗಲೇ ಉತ್ತರವನ್ನು ಬರೆದಿಡಿ.